ತುಳುಕು

ಹ್ಯಾನೋವರಿನ ಹೊರಗೆ, ಬೀಟ್ ಗೆಡ್ಡೆ ಕೀಳುವ ತಿಂಗಳು.
ರಾತ್ರಿ ಮೂರಕ್ಕೂ ಲಾರಿಗಳು ಸಕ್ಕರೆ ಕಾರ್ಖಾನೆಗೆ
ಮಣ್ಣು ಮೆತ್ತಿದ ಗುಡ್ಡೆ ಹೊತ್ತು ಹೋಗುತ್ತವೆ.
ಒಂದೊಂದು ಲಾರಿಯೂ
ಫೆನ್ನಾಳ ಪರದೆಯ ಮೇಲೆ ಒಂದೊಂದು ಗೀರು.

ಅವು ಅವಳಿಗೆ ಗುರುತು. ಬೇಕಿದ್ದರೆ
ಖಾಲಿ ಯಾವುದು, ತುಂಬಿದ್ದು ಯಾವುದು, ಹೇಳಿಯಾಳು.
ಗುರುತು ಹತ್ತದ್ದು ಇನ್ನೊಂದು:
ಲಾರಿ ಇಲ್ಲದ ಹೊತ್ತಿನಲ್ಲೂ ಇರುವ,
ಭಾನುವಾರವೂ ರಜೆ ಹಾಕದ,
ಬೆಳಕಿನ ಮೈಯಲ್ಲಿ ಒಂದು ನಡುಕ.

ಉಗುರಿನಷ್ಟು ಹರಳಿನಿಂದ ಹೊರಡುತ್ತದೆ ಅದು,
ಎರಡೇ ವ್ಯಾಟು, ಹಾಲು ಕುಡಿದು ಮಲಗಿದ ಕೂಸಿನಷ್ಟು ಸ್ತಬ್ಧ.
ಅದನ್ನು ನೂರು ಪಟ್ಟು ಬೆಳೆಸಬೇಕು,
ಎಚ್ಚರವಾಗದಂತೆ.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತದೆ ಗಾದೆ.
ಗಾದೆ ಕಟ್ಟಿದವರು ಲೇಸರ್ ಕಂಡಿರಲಿಲ್ಲ.
ಈ ಕೊಡ ತುಂಬಿದಷ್ಟೂ ತುಳುಕುತ್ತದೆ.
ಕಾವಿಗೆ ಹರಳು ಉಬ್ಬಿ ತಾನೇ ಮಸೂರವಾಗುತ್ತದೆ.
ಧೂಳಿನ ಕಣವೊಂದು ಕನ್ನಡಿಯ ಮೇಲೆ ಕೂತರೆ
ಕೂತಲ್ಲೇ ಉರಿದು ಕಲೆಯಾಗುತ್ತದೆ.
ಹೋದ ಚಳಿಗಾಲ ಹಾಗೆ ಕೆಟ್ಟ ಕನ್ನಡಿಯ ಬೆಲೆಗೆ
ಒಂದು ಕಾರು ಬರುತ್ತಿತ್ತು.

ಪಕ್ಕದ ಹೊಲದ ಬ್ರೋಕ್‌ಮ್ಯುಲರ್ ಒಮ್ಮೆ
ಬೇಲಿಯಾಚೆಯಿಂದ ಕೇಳಿದ್ದ:
"ಎಷ್ಟು ಬೆಳಕು ಮಾಡುತ್ತೀರಿ ಅಲ್ಲಿ?"
"ಇನ್ನೂರು ವ್ಯಾಟು."
"ನನ್ನ ಹಂದಿಮನೆಯ ಎರಡು ಹಳೇ ಬಲ್ಬು!"
ನಕ್ಕು, ಕೆಮ್ಮಿ, ಟ್ರಾಕ್ಟರು ಹತ್ತಿದ.
ಅವಳಿಗೆ ಉತ್ತರ ಹೊಳೆದದ್ದು
ಅವನು ತಿರುವು ದಾಟಿದ ಮೇಲೆ:
ನೂರು ಕೋಟಿಯಲ್ಲಿ ಒಂದು ಪಾಲೂ
ಹೆಚ್ಚುಕಮ್ಮಿ ಆಗಬಾರದೆಂದು
ನಿನ್ನ ಹಂದಿಗಳು ಕೇಳುವುದಿಲ್ಲ, ಬ್ರೋಕ್‌ಮ್ಯುಲರ್.

ಮೂರು ವಾರ.
ಟ್ಯಾರ್ಕ್ ಫ್ಯಾನು ಬದಲಿಸಿದ, ತಂತಿ ಬದಲಿಸಿದ, ಗಡ್ಡ ಬಿಟ್ಟ.
ಐಸೆಲ್ ಮೇಡಂ ಬರೆಯುತ್ತಿದ್ದ ಸಂಶಯಗಳ ಪಟ್ಟಿ
ಬಿಳಿ ಹಲಗೆ ಮುಗಿದು ಗೋಡೆಗೆ ಇಳಿಯಿತು.
ಸಾಗರದಾಚೆ, ನಾಲ್ಕು ಕಿಲೋಮೀಟರಿನ ಕೊಳವೆಯ ಮಂದಿ
ನಯವಾಗಿ ಬರೆದರು: ಯಾವಾಗ?

ಫೆನ್ನಾಳ ಅಪ್ಪ ಓನ್ನೊ, ಲೇರ್ ಊರಿನ ನಲ್ಲಿ ರಿಪೇರಿಯವ.
ಗೋಡೆ ಒಡೆಯುವ ಮುಂಚೆ
ಉದ್ದದ ಸ್ಕ್ರೂಡ್ರೈವರನ್ನು ಪೈಪಿಗೆ ಒತ್ತಿ
ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ
ಉಸಿರು ಕಟ್ಟಿ ನಿಲ್ಲುತ್ತಿದ್ದ.
"ನೀರು ಸುಳ್ಳು ಹೇಳಲ್ಲ, ಗೊಣಗುತ್ತೆ."

ಈ ರಾತ್ರಿ, ಬೇರೇನೂ ತೋಚದೆ,
ಬಿಳಿ ಮುಸುಕು, ಕೈಗವಸು, ಹಸಿರು ಕನ್ನಡಕದಲ್ಲಿ
ಅವಳೂ ಹಾಗೇ ಬಗ್ಗಿದಳು. ಯಾರಾದರೂ ಕಂಡಿದ್ದರೆ
ಏನೋ ಬಿದ್ದದ್ದು ಹುಡುಕುತ್ತಿದ್ದಾಳೆ ಅನ್ನುತ್ತಿದ್ದರು.
ಹರಳಿನ ಕಾವು ಇಳಿಸಲೆಂದು ಹರಿಯುವ ನೀರು,
ಬೆರಳು ಗಾತ್ರದ ಕೊಳವೆ,
ಮೊಣಕೈಯಂತೆ ತಿರುಗಿದಲ್ಲಿ
ಗೊಣಗುತ್ತಿತ್ತು.
ಬೇಲಿಯೇ ಹೊಲ ಮೇಯುತ್ತಿತ್ತು.

ಕವಾಟ ಕಾಲು ಸುತ್ತು. ಇನ್ನೊಂದಿಷ್ಟು.
ನೀರು ಓಡುವುದು ಬಿಟ್ಟು ನಡೆಯತೊಡಗಿತು.
ಪರದೆಯ ಮೇಲಿನ ಆ ದಿಬ್ಬ
ಕುಸಿದು, ಹುಲ್ಲಿನ ಮಟ್ಟಕ್ಕೆ ಬಂದು,
ಇಲ್ಲವಾಯಿತು.

ಯಾರಿಗೂ ಫೋನು ಮಾಡಲಿಲ್ಲ.
ಹೊರಕೋಣೆಯಲ್ಲಿ ಚಹಾ ಮಾಡಿಕೊಂಡಳು, ತನ್ನ ಸೀಮೆಯ ರೀತಿ:
ತಳದಲ್ಲಿ ಕಲ್ಲುಸಕ್ಕರೆ, ಬಿಸಿ ಬಿದ್ದೊಡನೆ ಚಟ್ ಎನ್ನಬೇಕು.
ಅಂಚಿನಿಂದ ಇಳಿಬಿಟ್ಟ ಒಂದು ಚಮಚ ಕೆನೆ
ಮುಳುಗಿ, ಮೋಡವಾಗಿ ಮೇಲೇಳಬೇಕು.
ಕಲಕಬಾರದು. ಕಲಕಿದವರನ್ನು ಅಪ್ಪ
ಹೊರಗಿನವರು ಎನ್ನುತ್ತಿದ್ದ.

ಎಲ್ಲೋ ಎರಡು ಸತ್ತ ನಕ್ಷತ್ರಗಳು ಡಿಕ್ಕಿ ಹೊಡೆದ ಅಲೆ
ಬಂದೇ ಬರುತ್ತದೆ, ಇಂದಲ್ಲ ನಾಳೆ.
ಅಷ್ಟರಲ್ಲಿ ಈ ಹರಳು ಹಡಗು ಹತ್ತಿ, ಆಚೆ ದಡದಲ್ಲಿ
ಬೇರೆ ಯಾರದೋ ನಿದ್ದೆ ಕೆಡಿಸುತ್ತಿರುತ್ತದೆ.
ಫೆನ್ನಾ ಅದನ್ನೆಲ್ಲ ಯೋಚಿಸಲಿಲ್ಲ, ನಿಜ ಹೇಳಬೇಕೆಂದರೆ.
ಯೋಚಿಸಿದ್ದು ಇಷ್ಟು: ಬೆಳಿಗ್ಗೆ ಐಸೆಲ್ ಮೇಡಂ
ಇಷ್ಟು ಸಣ್ಣ ನೀರು ಸಾಲದು, ಹರಳು ಕಾದೀತು ಅಂತಾರೆ.
ಅಂತಾರೆ. ಸರಿಯೂ ಇರಬಹುದು.

ಕೆನೆ ಮೇಲೆದ್ದಿತು.
ಹೊರಗೆ ಒಂದು ಲಾರಿ, ತುಂಬಿದ್ದು.
ಬಟ್ಟಲ ನಡುವಿನಿಂದ ಉಂಗುರವೊಂದು ಎದ್ದು
ಅಂಚಿಗೆ ಹೋಗಿ ತಟ್ಟಿತು.